ಬೆಳಿಗ್ಗೆ ರಿಪೋರ್ಟ್‌ನಲ್ಲಿ ನಿನ್ನೆ ನಂಬರ್ ಬಂದ್ರೆ ಎಲ್ಲಿಂದ ಹುಡುಕ್ಬೇಕು: ಪವರ್ ಬಿಐ ನೋಡ್ಕೊಳ್ಳೋರಿಗೆ

ನರಸಾಪುರ, ವೇಮಗಲ್, ಮಾಲೂರು ಕಡೆ ಫ್ಯಾಕ್ಟ್ರಿಗಳಲ್ಲಿ, ಕೋಲಾರ ಎಪಿಎಂಸಿ ಸುತ್ತಮುತ್ತ ಮಂಡಿ ಆಫೀಸ್‌ಗಳಲ್ಲಿ ಅಕೌಂಟ್ಸ್‌ಗೆ ಅಂತ ಸೇರ್ಕೊಂಡು ಆಮೇಲೆ ರಿಪೋರ್ಟ್ ಕೆಲಸನೂ ತಲೆ ಮೇಲೆ ಬಿದ್ದಿರೋರಿಗೆ ಇದನ್ನ ಬರೀತಿದೀನಿ. ಯಾರೋ ಕನ್ಸಲ್ಟೆಂಟ್ ಬಂದು ಪವರ್ ಬಿಐನಲ್ಲಿ (ಡೇಟಾನ ಚಾರ್ಟ್, ರಿಪೋರ್ಟ್ ಮಾಡೋ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ಚೆನ್ನಾಗಿ ರಿಪೋರ್ಟ್ ಮಾಡ್ಕೊಟ್ಟು ಹೋಗಿರ್ತಾರೆ, ಅದನ್ನ ದಿನಾ ನಡೆಸ್ಕೊಂಡು ಹೋಗೋದು ಹೆಂಗೆ ಅಂತ ಯಾರೂ ಹೇಳಿಕೊಟ್ಟಿರಲ್ಲ. ರಿಪೋರ್ಟ್ ಓಪನ್ನೇ ಆಗ್ಲಿಲ್ಲ ಅಂದ್ರೆ ಓನರ್ ತಕ್ಷಣ ಫೋನ್ ಮಾಡ್ತಾರೆ, ಅದು ಪರವಾಗಿಲ್ಲ. ರಿಪೋರ್ಟ್ ಚೆನ್ನಾಗಿ ಓಪನ್ ಆಗಿ ಒಳಗಡೆ ಮೊನ್ನೆ ನಂಬರ್ ಇದ್ರೆ ಯಾರಿಗೂ ಗೊತ್ತಾಗಲ್ಲ, ಆ ನಂಬರ್ ನೋಡ್ಕೊಂಡೇ ಲಾರಿ ಕಳಿಸ್ತಾರೆ, ಪೇಮೆಂಟ್ ಕೊಡ್ತಾರೆ. ನಾವು ಕಾಯ್ಬೇಕಾಗಿರೋದು ಇದನ್ನ.

ಅದಕ್ಕೇ ಮೊದಲ ಕೆಲಸ, ಬೇರೆ ಏನೂ ಮುಟ್ಟೋಕೆ ಮುಂಚೆ, ರಿಪೋರ್ಟ್‌ನ ಪ್ರತಿ ಪೇಜ್‌ನಲ್ಲೂ ಎರಡು ಸಣ್ಣ ಕಾರ್ಡ್ ಹಾಕಿ. ಒಂದರಲ್ಲಿ ರಿಫ್ರೆಶ್ ಆದ (ಅಂದ್ರೆ ರಿಪೋರ್ಟ್ ಡೇಟಾನ ಮತ್ತೆ ಓದ್ಕೊಂಡ) ಟೈಮ್, ಇನ್ನೊಂದರಲ್ಲಿ ಬಿಲ್ ಟೇಬಲ್‌ನಲ್ಲಿರೋ ಕೊನೇ ಬಿಲ್ ತಾರೀಖು. ತುಂಬಾ ಜನ ಮೊದಲನೇದು ಹಾಕಿ ಸುಮ್ನಾಗ್ತಾರೆ, ಅದು ಸಾಲಲ್ಲ, ಯಾಕಂದ್ರೆ ರಿಫ್ರೆಶ್ ಅನ್ನೋದು ಬೆಳಿಗ್ಗೆ 6ಕ್ಕೆ ಸಕ್ಸಸ್ ಅಂತಲೇ ಆಗಿರುತ್ತೆ ಆದ್ರೆ ಎಕ್ಸೆಲ್ ಫೈಲ್‌ನ ಯಾರೂ ಅಪ್‌ಡೇಟ್ ಮಾಡಿರಲ್ಲ, ಆಗ ಹಳೇ ಡೇಟಾನೇ ಹೊಸದಾಗಿ ಓದ್ಕೊಂಡು ಬಂದಿರುತ್ತೆ. ಎರಡೂ ಕಾರ್ಡ್ ಪಕ್ಕಪಕ್ಕ ಇದ್ರೆ ಓನರ್ರೇ ನೋಡಿ ಹೇಳ್ತಾರೆ.

ರಿಫ್ರೆಶ್ ಟೈಮ್ ಕಾರ್ಡ್ ಮಾಡೋಕೆ ಪವರ್ ಕ್ವೆರಿಯಲ್ಲಿ (ಪವರ್ ಬಿಐ ಒಳಗೆ ಡೇಟಾ ತಂದು ಸರಿ ಮಾಡೋ ಭಾಗ) ಒಂದು ಬ್ಲಾಂಕ್ ಕ್ವೆರಿ ತಗೊಂಡು ಈಗಿನ ಟೈಮ್ ಬರೋ ಹಂಗೆ ಮಾಡಿ, ಅದನ್ನ ಟೇಬಲ್ ಮಾಡಿ ಲೋಡ್ ಮಾಡಿ. ಇಲ್ಲಿ ಒಂದು ಗುಂಡಿ ಇದೆ, ತುಂಬಾ ಜನ ಬೀಳ್ತಾರೆ. ನಿಮ್ಮ ಕಂಪ್ಯೂಟರ್‌ನಲ್ಲಿ ಲೋಕಲ್ ನೌ ಅನ್ನೋ ಫಂಕ್ಷನ್ ನಮ್ಮ ಟೈಮ್ ಸರಿಯಾಗೇ ತೋರಿಸುತ್ತೆ, ಪಬ್ಲಿಶ್ ಮಾಡಿದ ಮೇಲೆ ಸರ್ವಿಸ್‌ನಲ್ಲಿ (ಇಂಟರ್‌ನೆಟ್‌ನಲ್ಲಿರೋ ಪವರ್ ಬಿಐ) ಅದು ಯುಟಿಸಿ ಟೈಮ್ ಆಗ್ಬಿಡುತ್ತೆ, ಅಂದ್ರೆ ನಮಗಿಂತ ಐದೂವರೆ ಗಂಟೆ ಹಿಂದೆ. ಹಂಗಾಗಿ ಯುಟಿಸಿ ನೌ ತಗೊಂಡು ಸ್ವಿಚ್ ಝೋನ್ ಫಂಕ್ಷನ್‌ಗೆ 5, 30 ಅಂತ ಕೊಟ್ಟು, ಆಮೇಲೆ ರಿಮೂವ್ ಝೋನ್ ಮಾಡಿ ಬರೀ ಡೇಟ್ ಟೈಮ್ ಆಗಿ ಇಟ್ಕೊಳ್ಳಿ. ಡ್ಯಾಕ್ಸ್‌ನಲ್ಲಿ (ಪವರ್ ಬಿಐನ ಫಾರ್ಮುಲಾ ಭಾಷೆ) ಟುಡೇ ಫಂಕ್ಷನ್‌ಗೂ ಇದೇ ಕಥೆ. ಮಧ್ಯರಾತ್ರಿಯಿಂದ ಬೆಳಿಗ್ಗೆ ಐದೂವರೆ ತನಕ ಸರ್ವಿಸ್‌ನಲ್ಲಿ ಟುಡೇ ಅಂದ್ರೆ ನಿನ್ನೆ. ಬೇರೆ ಊರಲ್ಲಿ ಇದು ದೊಡ್ಡ ವಿಷಯ ಅಲ್ದೇ ಇರಬಹುದು, ನಮ್ಮ ಕಡೆ ಹಾಲಿನ ಲೆಕ್ಕ, ತರಕಾರಿ ಲೋಡ್ ಲೆಕ್ಕ ಎಲ್ಲಾ ಬೆಳಗಿನ ಜಾವಕ್ಕೇ ಶುರು ಆಗೋದು, ಇವತ್ತಿನ ಎಂಟ್ರಿ ಎಲ್ಲಾ ಇದ್ರೂನೂ ಇವತ್ತು ಅನ್ನೋ ಫಿಲ್ಟರ್‌ನಲ್ಲಿ ನಿನ್ನೇದೇ ಬಂದು ಕೂತ್ಕೊಳ್ಳುತ್ತೆ.

ಈಗ ರಿಪೋರ್ಟ್‌ನಲ್ಲಿ ಹಳೇ ನಂಬರ್ ಇದೆ ಅಂತ ಗೊತ್ತಾಯ್ತು ಅಂದ್ಕೊಳ್ಳಿ. ಚಾರ್ಟ್ ಹತ್ರ ಹೋಗಬೇಡಿ, ಫಾರ್ಮುಲಾ ಬಿಚ್ಚಬೇಡಿ. ಡೇಟಾ ಹುಟ್ಟೋ ಜಾಗದಿಂದ ಹಿಡ್ಕೊಂಡು ಬನ್ನಿ: ಫೈಲ್ ಅಥವಾ ಡೇಟಾಬೇಸ್ ಸರಿ ಇದೆಯಾ, ಗೇಟ್‌ವೇ ಮೆಷಿನ್ (ಆಫೀಸ್ ಡೇಟಾನ ಪವರ್ ಬಿಐಗೆ ಕಳಿಸೋ ಕಂಪ್ಯೂಟರ್, ಕೆಳಗೆ ಹೇಳ್ತೀನಿ) ಆನ್ ಇದೆಯಾ, ಪಾಸ್‌ವರ್ಡ್ ಬದಲಾಯ್ತಾ, ರಿಫ್ರೆಶ್ ಏನು ಎರರ್ ಕೊಟ್ಟಿದೆ, ಮಾಡೆಲ್ ಸರಿ ಇದೆಯಾ, ಕೊನೇಗೆ ಚಾರ್ಟ್. ಈ ಆರ್ಡರ್ ಬಿಟ್ಟು ಮಧ್ಯದಿಂದ ಶುರು ಮಾಡಿದ್ರೆ ಸರಿ ಇರೋದನ್ನೂ ಕೆಡಿಸಿ ಇಡ್ತೀವಿ.

ರಿಫ್ರೆಶ್ ಹಿಸ್ಟರಿ ಓದೋದು

ವರ್ಕ್‌ಸ್ಪೇಸ್ (ಸರ್ವಿಸ್‌ನಲ್ಲಿ ರಿಪೋರ್ಟ್‌ಗಳನ್ನ ಇಡೋ ಜಾಗ) ಓಪನ್ ಮಾಡಿ ಸೆಮ್ಯಾಂಟಿಕ್ ಮಾಡೆಲ್ ಅಂತ ಇರುತ್ತಲ್ಲ (ರಿಪೋರ್ಟ್ ಹಿಂದಿರೋ ಟೇಬಲ್, ಲೆಕ್ಕ ಎಲ್ಲಾ ಇದರಲ್ಲೇ ಇರೋದು; 2023ರ ಕೊನೇವರೆಗೂ ಇದಕ್ಕೆ ಡೇಟಾಸೆಟ್ ಅಂತಿದ್ರು, ಹಳೇ ವಿಡಿಯೋಗಳಲ್ಲಿ ಆ ಹೆಸರೇ ಇರುತ್ತೆ) ಅದರ ಸೆಟ್ಟಿಂಗ್ಸ್‌ಗೆ ಹೋಗಿ ರಿಫ್ರೆಶ್ ಹಿಸ್ಟರಿ ನೋಡಿ. ಫೇಲ್ ಅಂತ ಇದ್ರೆ ಪಕ್ಕದಲ್ಲಿ ಡೀಟೇಲ್ಸ್ ಇರುತ್ತೆ, ಅದನ್ನ ಪೂರ್ತಿ ಓದಿ, ಉದ್ದ ಇದೆ ಅಂತ ಬಿಡಬೇಡಿ, ಯಾವ ಟೇಬಲ್, ಯಾವ ಕಾಲಂ ಅಂತ ಸಾಮಾನ್ಯವಾಗಿ ಅದರಲ್ಲೇ ಬರೆದಿರುತ್ತೆ.

ಲಿಸ್ಟ್‌ನಲ್ಲಿ ಫೇಲ್ ಅಂತಾನೂ ಇಲ್ಲ, ಕೆಲವು ದಿನದಿಂದ ಯಾವ ಎಂಟ್ರಿನೂ ಇಲ್ಲ ಅಂದ್ರೆ ಶೆಡ್ಯೂಲೇ ಆಫ್ ಆಗಿರುತ್ತೆ. ಸತತ ನಾಲ್ಕು ಸಲ ಫೇಲ್ ಆದ್ರೆ ಪವರ್ ಬಿಐ ತಾನೇ ಶೆಡ್ಯೂಲ್ ನಿಲ್ಲಿಸ್ಬಿಡುತ್ತೆ. ಎರಡು ತಿಂಗಳು ಆ ರಿಪೋರ್ಟ್‌ನ ಯಾರೂ ತೆರೆದು ನೋಡ್ಲಿಲ್ಲ ಅಂದ್ರೂ ನಿಲ್ಲಿಸುತ್ತೆ, ಸೀಸನ್ ರಿಪೋರ್ಟ್‌ಗಳಿಗೆ ಇದು ಗ್ಯಾರಂಟಿ ಆಗುತ್ತೆ, ಟೊಮೊಟೊ ಸೀಸನ್ ಮುಗಿದ ಮೇಲೆ ಯಾರೂ ನೋಡಿರಲ್ಲ, ಮತ್ತೆ ಜೂನ್‌ನಲ್ಲಿ ತೆರೆದ್ರೆ ಹಳೇ ವರ್ಷದ ನಂಬರ್ ಹಂಗೇ ನಿಂತಿರುತ್ತೆ. ಕಾರಣ ಸರಿ ಮಾಡಿ ಒಂದು ಸಲ ಕೈಯಲ್ಲಿ ರಿಫ್ರೆಶ್ ಓಡಿಸಿ, ಅದು ಪಾಸ್ ಆದ ಮೇಲೆ ಶೆಡ್ಯೂಲ್ ಆನ್ ಮಾಡಿ. ಹಂಗೇ ಅಲ್ಲೇ ಇರೋ ಫೇಲ್ಯೂರ್ ಮೇಲ್ ಸೆಟ್ಟಿಂಗ್‌ನಲ್ಲಿ ನಿಮ್ಮ ಜೊತೆ ಇನ್ನೊಬ್ಬರ ಮೇಲ್ ಐಡಿನೂ ಹಾಕಿ, ನೀವು ರಜೆಯಲ್ಲಿದ್ದಾಗಲೇ ಇವೆಲ್ಲಾ ಆಗೋದು.

ಶೆಡ್ಯೂಲ್ ಹಾಕುವಾಗ ಟೈಮ್ ಝೋನ್ ನಮ್ಮದು ಇದೆಯಾ ನೋಡಿ. ಪ್ರೋ ಲೈಸೆನ್ಸ್‌ನಲ್ಲಿ ದಿನಕ್ಕೆ 8 ಶೆಡ್ಯೂಲ್ ಸಿಗುತ್ತೆ, ಪ್ರೀಮಿಯಂ ಪರ್ ಯೂಸರ್ ಇದ್ರೆ 48. ಎಂಟು ಇದೆ ಅಂತ ರಾತ್ರಿಯೆಲ್ಲಾ ಹಂಚಬೇಡಿ, ಬಿಲ್ಲಿಂಗ್ ನಡೆಯೋ ಹೊತ್ತಿಗೆ ಹತ್ತಿರ ಹತ್ತಿರ ಹಾಕಿ. ಮಂಡಿ ಆದ್ರೆ ಹರಾಜು ಮುಗಿದು ಪಟ್ಟಿ ಎಲ್ಲಾ ಎಂಟ್ರಿ ಆದ ಮೇಲೆ ಒಂದು ಇರಲೇಬೇಕು.

ಗೇಟ್‌ವೇ, ಅಂದ್ರೆ ಅರ್ಧ ತೊಂದರೆ ಇಲ್ಲೇ

ಆಫೀಸ್ ಒಳಗಿನ ಡೇಟಾಬೇಸ್ ಅಥವಾ ಫೋಲ್ಡರ್‌ನಲ್ಲಿರೋ ಡೇಟಾ ಇಂಟರ್‌ನೆಟ್‌ನಲ್ಲಿರೋ ಪವರ್ ಬಿಐಗೆ ಹೋಗಬೇಕು ಅಂದ್ರೆ ಮಧ್ಯದಲ್ಲಿ ಆನ್ ಪ್ರೆಮಿಸಸ್ ಡೇಟಾ ಗೇಟ್‌ವೇ ಅನ್ನೋ ಸಾಫ್ಟ್‌ವೇರ್ ಒಂದು ಕಂಪ್ಯೂಟರ್‌ನಲ್ಲಿ ಓಡ್ತಿರಬೇಕು. ಅದರಲ್ಲಿ ಪರ್ಸನಲ್ ಮೋಡ್, ಸ್ಟ್ಯಾಂಡರ್ಡ್ ಮೋಡ್ ಅಂತ ಎರಡು. ಪರ್ಸನಲ್ ಒಬ್ಬರಿಗೆ ಮಾತ್ರ, ಅವರು ಲಾಗಿನ್ ಆಗಿದ್ರೇನೇ ಓಡೋದು. ಆಫೀಸ್ ಕೆಲಸಕ್ಕೆ ಸ್ಟ್ಯಾಂಡರ್ಡ್ ಹಾಕಿ, ಅದು ವಿಂಡೋಸ್ ಸರ್ವಿಸ್ ಆಗಿ ಓಡುತ್ತೆ, ಯಾರೂ ಲಾಗಿನ್ ಆಗ್ದಿದ್ರೂ ನಡೆಯುತ್ತೆ.

ಯಾವ ಮೆಷಿನ್‌ಗೆ ಹಾಕ್ತೀರಿ ಅನ್ನೋದೇ ಮುಖ್ಯ. ಯಾರದೋ ಲ್ಯಾಪ್‌ಟಾಪ್‌ಗೆ ಹಾಕಬೇಡಿ, ಅವರು ಮುಚ್ಚಿ ಬ್ಯಾಗ್‌ಗೆ ಹಾಕ್ಕೊಂಡು ಹೋದ್ರೆ ರಿಪೋರ್ಟ್ ಕೂಡ ಬ್ಯಾಗ್‌ಗೆ ಹೋದಂಗೆ. ಒಂದು ಡೆಸ್ಕ್‌ಟಾಪ್ ಅಥವಾ ಸರ್ವರ್, ವೈಫೈ ಬಿಟ್ಟು ಕೇಬಲ್ ಕನೆಕ್ಷನ್, ಸ್ಲೀಪ್ ಮತ್ತು ಹೈಬರ್ನೇಟ್ ಎರಡೂ ಆಫ್. ಮೈಕ್ರೋಸಾಫ್ಟ್ ಅವರು ಹೇಳೋದು 8 ಕೋರ್ ಸಿಪಿಯು, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಅಂತ. ಸಣ್ಣ ಆಫೀಸ್‌ನಲ್ಲಿ ಕೋರ್ ಕಮ್ಮಿ ಇದ್ರೂ ನಡೆಯುತ್ತೆ, ರ‍್ಯಾಮ್‌ನಲ್ಲಿ ಮಾತ್ರ ಕಂಜೂಸ್‌ತನ ಮಾಡಬೇಡಿ, ಯಾಕಂದ್ರೆ ಎಕ್ಸೆಲ್ ಫೈಲ್‌ಗಳನ್ನ ಸೇರಿಸೋದು, ಫಿಲ್ಟರ್ ಮಾಡೋದು ಎಲ್ಲಾ ರಿಫ್ರೆಶ್ ಟೈಮ್‌ನಲ್ಲಿ ಆ ಮೆಷಿನ್ ಮೇಲೇ ಬೀಳುತ್ತೆ. ಡೊಮೈನ್ ಕಂಟ್ರೋಲರ್ (ಆಫೀಸ್ ಲಾಗಿನ್‌ಗಳನ್ನೆಲ್ಲಾ ನೋಡ್ಕೊಳ್ಳೋ ಸರ್ವರ್) ಆಗಿರೋ ಸರ್ವರ್‌ಗೆ ಮಾತ್ರ ಹಾಕೋ ಹಂಗಿಲ್ಲ.

ಇನ್ನು ಕರೆಂಟು. ಯುಪಿಎಸ್ ಇದ್ರೂ ಎಷ್ಟು ಹೊತ್ತು ತಡೆಯುತ್ತೆ, ರಾತ್ರಿ ಕರೆಂಟ್ ಹೋಗಿ ಬೆಳಿಗ್ಗೆ ಬಂದ್ರೆ ಆ ಕಂಪ್ಯೂಟರ್ ತಾನಾಗೇ ಆನ್ ಆಗಲ್ಲ, ಯಾರಾದ್ರೂ ಬಂದು ಬಟನ್ ಒತ್ತಬೇಕು, ಅಷ್ಟರಲ್ಲಿ ಬೆಳಗಿನ ಎರಡು ಮೂರು ರಿಫ್ರೆಶ್ ಫೇಲ್ ಆಗಿರುತ್ತೆ. ಇದಕ್ಕೆ ದುಡ್ಡಿಲ್ಲದ ಪರಿಹಾರ ಇದೆ: ಬಯಾಸ್ (ವಿಂಡೋಸ್ ಶುರು ಆಗೋಕೆ ಮುಂಚೆ ಬರೋ ಕಂಪ್ಯೂಟರ್ ಸೆಟ್ಟಿಂಗ್) ಒಳಗೆ ಹೋಗಿ ಪವರ್ ಮ್ಯಾನೇಜ್‌ಮೆಂಟ್ ಒಳಗೆ, ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕು ಅನ್ನೋ ಆಪ್ಷನ್ ಇರುತ್ತೆ, ಹೆಸರು ಒಂದೊಂದು ಬೋರ್ಡ್‌ನಲ್ಲಿ ಒಂದೊಂದು ಥರ, ಅದನ್ನ ಪವರ್ ಆನ್ ಅಂತ ಮಾಡಿ. ಗೇಟ್‌ವೇ ಸರ್ವಿಸ್ ಆಟೋಮ್ಯಾಟಿಕ್ ಸ್ಟಾರ್ಟ್ ಇರೋದ್ರಿಂದ ಆಮೇಲೆ ತಾನೇ ಎದ್ದು ಕೂರುತ್ತೆ.

ಗೇಟ್‌ವೇ ಆನ್ ಇದ್ರೂ ಆಫ್‌ಲೈನ್ ಅಂತ ತೋರಿಸಿದ್ರೆ ಫೈರ್‌ವಾಲ್ ನೋಡಿ. ಹೊರಗಡೆಯಿಂದ ಒಳಗೆ ಯಾವ ಪೋರ್ಟೂ ತೆಗೆಯೋ ಅವಶ್ಯಕತೆ ಇಲ್ಲ, ಒಳಗಿಂದ ಹೊರಗೆ ಮಾತ್ರ ಬೇಕು: 443, 5671, 5672, ಆಮೇಲೆ 9350 ಇಂದ 9354. ಇದನ್ನ ನೆಟ್‌ವರ್ಕ್ ನೋಡ್ಕೊಳ್ಳೋರಿಗೆ ಹೀಗೇ ಹೇಳಿ, ಇನ್‌ಬೌಂಡ್ ಬೇಡ ಅಂದ ತಕ್ಷಣ ಅವರಿಗೂ ಅರ್ಧ ಭಯ ಹೋಗುತ್ತೆ. ಗೇಟ್‌ವೇ ಆಪ್‌ನಲ್ಲೇ ನೆಟ್‌ವರ್ಕ್ ಪೋರ್ಟ್ ಟೆಸ್ಟ್ ಇದೆ, ಲಾಗ್ ಎಕ್ಸ್‌ಪೋರ್ಟ್ ಕೂಡ ಇದೆ. ಗೇಟ್‌ವೇಗೆ ಹೆಚ್ಚು ಕಮ್ಮಿ ಪ್ರತಿ ತಿಂಗಳು ಹೊಸ ವರ್ಷನ್ ಬರುತ್ತೆ, ಕೊನೇ ಆರು ವರ್ಷನ್‌ಗೆ ಮಾತ್ರ ಸಪೋರ್ಟ್, ತಾನೇ ಅಪ್‌ಡೇಟ್ ಆಗಿರುತ್ತೆ ಅಂತ ನಂಬ್ಕೊಂಡು ಕೂರಬೇಡಿ, ಎರಡು ಮೂರು ತಿಂಗಳಿಗೊಂದ್ಸಲ ನೀವೇ ನೋಡಿ.

ಹೊಸದಾಗಿ ಸೇರಿದವರು ತಲೆ ಕೆಡಿಸ್ಕೊಳ್ಳೋ ಇನ್ನೊಂದು ವಿಷಯ. ಡೆಸ್ಕ್‌ಟಾಪ್ ಫೈಲ್‌ನಲ್ಲಿ ಸರ್ವರ್ ಹೆಸರು ಲೋಕಲ್‌ಹೋಸ್ಟ್ ಅಂತ ಕೊಟ್ಟು, ಗೇಟ್‌ವೇಯಲ್ಲಿ ಕಂಪ್ಯೂಟರ್ ಹೆಸರು ಕೊಟ್ಟಿದ್ರೆ ಎರಡೂ ಒಂದೇ ಮೆಷಿನ್ ಅಂತ ನಮಗೆ ಗೊತ್ತು, ಪವರ್ ಬಿಐಗೆ ಗೊತ್ತಾಗಲ್ಲ. ಐಪಿ ಅಂದ್ರೆ ಎರಡೂ ಕಡೆ ಐಪಿ, ಹೆಸರು ಅಂದ್ರೆ ಎರಡೂ ಕಡೆ ಅದೇ ಹೆಸರು. ಫೈಲ್ ಪಾತ್‌ಗೂ ಅಷ್ಟೇ. ನಿಮ್ಮ ಡೆಸ್ಕ್‌ಟಾಪ್ ಮೇಲಿರೋ ಫೋಲ್ಡರ್‌ನಿಂದ ಎಕ್ಸೆಲ್ ತಗೊಂಡ್ರೆ ಗೇಟ್‌ವೇ ಮೆಷಿನ್‌ಗೆ ಆ ಫೋಲ್ಡರ್ ಕಾಣಲ್ಲ. ಎಕ್ಸೆಲ್ ಮಾತ್ರ ಇರೋರಿಗೆ ನಾನು ಹೇಳೋದು ಫೈಲ್‌ನ ಆಫೀಸ್ ಅಕೌಂಟ್‌ನ ಒನ್‌ಡ್ರೈವ್ ಅಥವಾ ಶೇರ್‌ಪಾಯಿಂಟ್‌ಗೆ ಹಾಕಿಬಿಡಿ, ಗೇಟ್‌ವೇನೇ ಬೇಡ.

ಪಾಸ್‌ವರ್ಡ್ ಬಗ್ಗೆ ಚಿಕ್ಕದಾಗಿ: ಡೇಟಾಬೇಸ್‌ಗೆ ಯಾರದ್ದೋ ಸ್ವಂತ ಲಾಗಿನ್ ಕೊಡಬೇಡಿ, ರಿಪೋರ್ಟ್‌ಗೆ ಅಂತಲೇ ಬರೀ ಓದೋಕೆ ಮಾತ್ರ ಪರ್ಮಿಷನ್ ಇರೋ ಒಂದು ಲಾಗಿನ್ ಮಾಡಿಸಿ. ಸ್ವಂತ ಲಾಗಿನ್ ಕೊಟ್ರೆ ಅವರು ಪಾಸ್‌ವರ್ಡ್ ಬದಲಾಯಿಸಿದ ದಿನ ರಿಫ್ರೆಶ್ ನಿಲ್ಲುತ್ತೆ.

ಎಕ್ಸೆಲ್‌ನಲ್ಲಿ ಹುಟ್ಟೋ ತೊಂದರೆಗಳು

ಯಾರೋ ಒಬ್ಬರು ಕಾಲಂ ಹೆಡ್ಡಿಂಗ್‌ನಲ್ಲಿ ಒಂದು ಸ್ಪೇಸ್ ಸೇರಿಸ್ತಾರೆ, ಕಾಲಂ ಸಿಗ್ಲಿಲ್ಲ ಅಂತ ರಿಫ್ರೆಶ್ ಫೇಲ್. ರೇಟ್ ಗೊತ್ತಿಲ್ಲ ಅಂತ ಒಂದು ಸೆಲ್‌ನಲ್ಲಿ ಅಡ್ಡಗೆರೆ ಹಾಕ್ತಾರೆ, ನಂಬರ್‌ಗೆ ಬದಲಾಯಿಸೋಕೆ ಆಗ್ಲಿಲ್ಲ ಅಂತ ಎರರ್. ಇವು ಸುಲಭ, ಎರರ್ ಕೊಟ್ಟು ನಿಲ್ಲುತ್ತೆ. ತಾರೀಖು ಹಂಗಲ್ಲ. 05/07 ಅಂದ್ರೆ ನಮಗೆ ಜುಲೈ 5, ಅಮೆರಿಕದ ಲೆಕ್ಕದಲ್ಲಿ ಮೇ 7. ಅಮೆರಿಕದ ಸೆಟ್ಟಿಂಗ್‌ನಲ್ಲಿ ಓದಿದ್ರೆ 12ನೇ ತಾರೀಖಿನ ತನಕ ಸುಮ್ಮನೆ ತಪ್ಪು ತಿಂಗಳಿಗೆ ಹೋಗುತ್ತೆ, 13 ಇಂದ ಮಾತ್ರ ಎರರ್ ಬರುತ್ತೆ, ಯಾರೋ ಆ ಎರರ್ ಸಾಲುಗಳನ್ನ ರಿಮೂವ್ ಎರರ್ಸ್ ಅಂತ ತೆಗೆದುಬಿಟ್ರೆ ಮುಗೀತು, ಅರ್ಧ ತಿಂಗಳು ಕಾಣೆ, ಇನ್ನರ್ಧ ಬೇರೆ ತಿಂಗಳಲ್ಲಿ. ಪವರ್ ಕ್ವೆರಿಯಲ್ಲಿ ಟೈಪ್ ಬದಲಾಯಿಸುವಾಗ ಯೂಸಿಂಗ್ ಲೊಕೇಲ್ ಅಂತ ಇದೆ, ಅದರಲ್ಲಿ ಡೇಟ್, ಇಂಗ್ಲಿಷ್ ಇಂಡಿಯಾ ಅಂತ ಕೊಡಿ, ತಾನಾಗೇ ಸೇರ್ಕೊಂಡಿರೋ ಚೇಂಜ್ಡ್ ಟೈಪ್ ಸ್ಟೆಪ್ ಅಳಿಸಿ. ರಿಮೂವ್ ಎರರ್ಸ್ ಬಟನ್ ಒತ್ತೋಕೆ ಮುಂಚೆ ಎಷ್ಟು ಸಾಲು, ಯಾಕೆ ಎರರ್ ಆಗಿದೆ ಅಂತ ದಯವಿಟ್ಟು ನೋಡಿ.

ಕನ್ನಡದಲ್ಲಿ ಡೇಟಾ ಇರೋರಿಗೆ: ಹಳೇ ನುಡಿ ಅಥವಾ ಬರಹ ಫಾಂಟ್‌ನಲ್ಲಿ, ಯುನಿಕೋಡ್ ಅಲ್ಲದೆ ಟೈಪ್ ಮಾಡಿದ ರೈತರ ಹೆಸರುಗಳು ರಿಪೋರ್ಟ್‌ನಲ್ಲಿ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ ಆಗಿ ಬರುತ್ತೆ, ಫಾಂಟ್ ಬದಲಾಯಿಸಿ ಸರಿ ಮಾಡೋಕೆ ಹೋಗಬೇಡಿ, ಕನ್ವರ್ಟರ್‌ನಿಂದ ಯುನಿಕೋಡ್ ಮಾಡಿನೇ ತಗೊಳ್ಳಿ. ಯುನಿಕೋಡ್ ಇದ್ರೂ ಸಿಎಸ್‌ವಿ ಫೈಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬಂದ್ರೆ ಸೇವ್ ಮಾಡುವಾಗಲೇ ಹಾಳಾಗಿದೆ ಅಂತ, ಯುಟಿಎಫ್ 8 ಸಿಎಸ್‌ವಿ ಆಗಿ ಮತ್ತೆ ಸೇವ್ ಮಾಡಿಸಿ. ಚಿತ್ರವಿಚಿತ್ರ ಅಕ್ಷರ ಬಂದ್ರೆ ಓದೋ ಕಡೆ ಫೈಲ್ ಒರಿಜಿನ್‌ನ 65001 ಮಾಡಿ ನೋಡಿ.

ಊರ ಹೆಸರು ಇನ್ನೊಂದು ತಲೆನೋವು. ಒಬ್ಬರು ಮುಳಬಾಗಿಲು, ಇನ್ನೊಬ್ಬರು ಮುಳಬಾಗಲ್, ಶ್ರೀನಿವಾಸಪುರಕ್ಕೆ ಎಷ್ಟು ಥರ ಸ್ಪೆಲ್ಲಿಂಗ್ ಇದೆಯೋ ಲೆಕ್ಕ ಇಲ್ಲ. ತುಮಕೂರು ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ 2014ರ ನವೆಂಬರ್‌ನಲ್ಲಿ ಬದಲಾಯ್ತು, ಹಳೇ ಪಾರ್ಟಿ ಲಿಸ್ಟ್‌ನಲ್ಲಿ ಹಳೇದು, ಹೊಸದರಲ್ಲಿ ಹೊಸದು, ರಿಪೋರ್ಟ್‌ನಲ್ಲಿ ಎರಡು ಬೇರೆ ಊರು ಆಗಿ ಕಾಣುತ್ತೆ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ 2007ರಲ್ಲಿ, ಅದಕ್ಕೆ ಹಿಂದಿನ ಡೇಟಾ ಇಟ್ಕೊಂಡಿರೋರಿಗೆ ಶಿಡ್ಲಘಟ್ಟ, ಚಿಂತಾಮಣಿ ಎಲ್ಲಾ ಕೋಲಾರ ಜಿಲ್ಲೆ ಅಂತಲೇ ಇರುತ್ತೆ. ಫಾರ್ಮುಲಾದಲ್ಲಿ ಒಂದೊಂದೇ ರೀಪ್ಲೇಸ್ ಮಾಡ್ತಾ ಹೋಗಬೇಡಿ, ಒಂದು ಎಕ್ಸೆಲ್ ಶೀಟ್ ಮಾಡಿ, ಎಡಗಡೆ ಬಂದಿರೋ ಹೆಸರು, ಬಲಗಡೆ ನಾವು ಇಟ್ಕೊಳ್ಳೋ ಹೆಸರು, ಅದನ್ನ ಮರ್ಜ್ ಮಾಡಿ. ಸಿಗದೇ ಇರೋ ಹೆಸರುಗಳು ರಿಪೋರ್ಟ್‌ನ ಒಂದು ಪೇಜ್‌ನಲ್ಲಿ ಪಟ್ಟಿಯಾಗಿ ಬರೋ ಹಂಗೆ ಮಾಡಿದ್ರೆ ವಾರಕ್ಕೊಂದ್ಸಲ ಸೇರಿಸ್ತಾ ಹೋಗಬಹುದು.

ತಪ್ಪು ಎಂಟ್ರಿ ಹಿಡಿಯೋಕೆ ಲಿಮಿಟ್ ಹಾಕೋರು ಒಂದು ಯೋಚನೆ ಮಾಡಿ. 15 ಕೆಜಿ ಟೊಮೊಟೊ ಬಾಕ್ಸ್‌ಗೆ 1000 ರೂಪಾಯಿ ದಾಟಿದ್ರೆ ತಪ್ಪು ಅಂತ ಫಿಲ್ಟರ್ ಹಾಕಿದ್ರೆ ಬಹಳ ವರ್ಷ ಸರಿಯಾಗೇ ನಡೆಯುತ್ತೆ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ ಬಾಕ್ಸ್ 2000 ದಾಟಿತ್ತು. ಅಂಥಾ ಫಿಲ್ಟರ್ ಇರೋ ರಿಪೋರ್ಟ್‌ನಲ್ಲಿ ಆ ವರ್ಷದ ಅತ್ಯಂತ ದೊಡ್ಡ ದಿನಗಳೇ ಮಾಯ. ಅನುಮಾನ ಇರೋ ಸಾಲನ್ನ ತೆಗೀಬೇಡಿ, ಒಂದು ಕಾಲಂನಲ್ಲಿ ಪರಿಶೀಲಿಸಿ ಅಂತ ಗುರುತು ಹಾಕಿ, ಟೋಟಲ್‌ನಲ್ಲಿ ಇರಲಿ, ಪಟ್ಟಿ ಎಂಟ್ರಿ ಮಾಡೋ ಅಣ್ಣನ್ನ ಕೇಳಿ ತೀರ್ಮಾನ ಮಾಡಿ.

ಟೋಟಲ್ ಟ್ಯಾಲಿ ಆಗ್ಲಿಲ್ಲ ಅಂದ್ರೆ

ರಿಫ್ರೆಶ್ ಆಗಿದೆ, ತಾರೀಖು ಸರಿ ಇದೆ, ಆದ್ರೂ ಅಕೌಂಟ್ಸ್‌ನವರ ಟೋಟಲ್ ಬೇರೆ, ರಿಪೋರ್ಟ್ ಟೋಟಲ್ ಬೇರೆ. ವರ್ಷದ ಟೋಟಲ್ ಹಿಡ್ಕೊಂಡು ಒದ್ದಾಡಬೇಡಿ. ಒಂದು ದಿನ, ಒಬ್ಬ ಪಾರ್ಟಿ, ಒಂದು ಬಿಲ್ ತನಕ ಇಳಿಸಿ, ಆ ಬಿಲ್ ಪೇಪರ್ ಕೈಯಲ್ಲಿ ಹಿಡ್ಕೊಂಡು ನೋಡಿ. ಸಾಮಾನ್ಯವಾಗಿ ಸಿಗೋದು ಇವು: ಪಾರ್ಟಿ ಮಾಸ್ಟರ್‌ನಲ್ಲಿ ಒಂದೇ ಕೋಡ್ ಎರಡು ಸಲ ಇದ್ದು ಮರ್ಜ್ ಮಾಡಿದಾಗ ಬಿಲ್ ಡಬಲ್ ಆಗಿರೋದು, ಕ್ಯಾನ್ಸಲ್ ಆದ ಬಿಲ್ ಸೇರ್ಕೊಂಡಿರೋದು, ಜಿಎಸ್‌ಟಿ ಒಬ್ಬರು ಸೇರಿಸಿ ಒಬ್ಬರು ಬಿಟ್ಟು ನೋಡ್ತಿರೋದು, ಇಲ್ಲಾ ವರ್ಷ. ಪವರ್ ಬಿಐಗೆ ವರ್ಷ ಅಂದ್ರೆ ಜನವರಿಯಿಂದ ಡಿಸೆಂಬರ್, ವರ್ಷದಿಂದ ಈವರೆಗೆ ಅನ್ನೋ ಫಂಕ್ಷನ್‌ಗೆ ವರ್ಷ ಮುಗಿಯೋದು ಮಾರ್ಚ್ 31 ಅಂತ ನಾವೇ ಹೇಳಬೇಕು. ಹಂಗೇ ಕಾರ್ಡ್‌ಗಳಲ್ಲಿ ಮಿಲಿಯನ್ ಅಂತ ಬರೋದನ್ನ ತೆಗೀರಿ, ಡಿಸ್‌ಪ್ಲೇ ಯುನಿಟ್‌ನ None ಅಂತ ಮಾಡಿ, ಮೊತ್ತನ 1,00,000 ಇಂದ ಭಾಗಿಸಿ ಲಕ್ಷದಲ್ಲಿ ಅಂತ ಹೆಸರು ಕೊಡಿ. 1.2 ಮಿಲಿಯನ್ ಅಂತ ನೋಡಿ ಯಾವ ಮಂಡಿ ಸಾಹುಕಾರರೂ ನಿರ್ಧಾರ ತಗೊಳ್ಳಲ್ಲ.

ನಿಧಾನ ಆದ್ರೆ

ಮೊದಲು ಬೇಡದ ಕಾಲಂ ತೆಗೀರಿ, ಇದರಷ್ಟು ಲಾಭ ಬೇರೆ ಯಾವುದ್ರಲ್ಲೂ ಇಲ್ಲ, ಅದರಲ್ಲೂ ಪ್ರತಿ ಸಾಲಿಗೂ ಬೇರೆ ಬೇರೆ ಇರೋ ರಿಮಾರ್ಕ್ಸ್, ಸೆಕೆಂಡ್ ತನಕ ಟೈಮ್ ಇರೋ ಕಾಲಂ. ಆಮೇಲೆ ಆಪ್ಷನ್ಸ್‌ನಲ್ಲಿ ಆಟೋ ಡೇಟ್ ಟೈಮ್ ಆಫ್ ಮಾಡಿ, ಅದು ಪ್ರತಿ ತಾರೀಖು ಕಾಲಂಗೂ ಒಳಗೊಳಗೇ ಒಂದೊಂದು ಕ್ಯಾಲೆಂಡರ್ ಟೇಬಲ್ ಕಟ್ಟುತ್ತೆ, ಬದಲಿಗೆ ನಮ್ಮದೇ ಒಂದು ಡೇಟ್ ಟೇಬಲ್ ಸಾಕು. ಯಾವ ಚಾರ್ಟ್ ನಿಧಾನ ಅಂತ ಪರ್ಫಾರ್ಮೆನ್ಸ್ ಅನಲೈಜರ್ ಮಿಲಿಸೆಕೆಂಡ್ ಲೆಕ್ಕದಲ್ಲಿ ತೋರಿಸುತ್ತೆ. ಪ್ರೋದಲ್ಲಿ ಮಾಡೆಲ್ 1 ಜಿಬಿ ಮೀರೋ ಹಂಗಿಲ್ಲ, ರಿಫ್ರೆಶ್ 2 ಗಂಟೆ ಒಳಗೆ ಮುಗೀಬೇಕು. ಡೇಟಾ ಬೆಳೀತಿದ್ರೆ ಇಂಕ್ರಿಮೆಂಟಲ್ ರಿಫ್ರೆಶ್ ಹಾಕಿ, ಹಳೇ ವರ್ಷಗಳನ್ನ ಹಂಗೇ ಬಿಟ್ಟು ಹೊಸ ದಿನಗಳನ್ನ ಮಾತ್ರ ತರುತ್ತೆ, ಇದು ಪ್ರೋದಲ್ಲೂ ಸಿಗುತ್ತೆ. ಫ್ರೀ ಇರೋ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಇಟ್ಕೊಂಡಿರೋರು 2022 ವರ್ಷನ್ ತನಕ ಒಂದು ಡೇಟಾಬೇಸ್ 10 ಜಿಬಿಗೆ ನಿಲ್ಲುತ್ತೆ ಅನ್ನೋದು ನೆನಪಿರಲಿ. ಅದು ತುಂಬಿದ ದಿನ ಬಿಲ್ಲಿಂಗೇ ನಿಲ್ಲೋದು, ರಿಪೋರ್ಟ್ ಅಲ್ಲ.

ಯಾರಿಗೆ ಏನು ಕಾಣಬೇಕು

ಬ್ರಾಂಚ್ ಮ್ಯಾನೇಜರ್‌ಗೆ ಅವರ ಬ್ರಾಂಚ್ ಮಾತ್ರ ಕಾಣಲಿ ಅಂತ ರೋ ಲೆವೆಲ್ ಸೆಕ್ಯೂರಿಟಿ ಹಾಕಿರ್ತೀರಿ, ಆದ್ರೂ ಅವರಿಗೆ ಎಲ್ಲಾ ಕಾಣ್ತಿದೆ ಅಂದ್ರೆ ಅವರನ್ನ ವರ್ಕ್‌ಸ್ಪೇಸ್‌ಗೆ ಮೆಂಬರ್ ಅಥವಾ ಕಾಂಟ್ರಿಬ್ಯೂಟರ್ ಆಗಿ ಸೇರಿಸಿರ್ತೀರಿ. ಆ ಸೆಕ್ಯೂರಿಟಿ ವ್ಯೂವರ್‌ಗಳಿಗೆ ಮಾತ್ರ ಕೆಲಸ ಮಾಡೋದು. ಪಬ್ಲಿಶ್ ಟು ವೆಬ್ ಅನ್ನೋದನ್ನ ಮಾತ್ರ ಯಾವ ಕಾರಣಕ್ಕೂ ಆಫೀಸ್ ಡೇಟಾಗೆ ಬಳಸಬೇಡಿ, ಆ ಲಿಂಕ್ ಸಿಕ್ಕಿದ ಯಾರು ಬೇಕಾದ್ರೂ ಲಾಗಿನ್ ಇಲ್ದೆ ನೋಡಬಹುದು, ರೈತರ ಪೇಮೆಂಟ್, ಪಾರ್ಟಿಗಳ ಬಾಕಿ ಎಲ್ಲಾ. ಅಡ್ಮಿನ್ ಪೋರ್ಟಲ್‌ನಲ್ಲಿ ಟೆನೆಂಟ್ ಸೆಟ್ಟಿಂಗ್‌ಗೆ ಹೋಗಿ ಅದನ್ನ ಆಫ್ ಮಾಡಿಸಿ.

ಆಮೇಲೆ ಯಾವ ರಿಪೋರ್ಟೂ ಯಾರದೋ ಮೈ ವರ್ಕ್‌ಸ್ಪೇಸ್‌ನಲ್ಲಿ ಇರಬಾರದು, ಅವರು ಕೆಲಸ ಬಿಟ್ಟು ಅಕೌಂಟ್ ತೆಗೆದ ದಿನ ರಿಪೋರ್ಟ್‌ಗೆ ದಿಕ್ಕಿರಲ್ಲ. ಆಫೀಸ್ ಹೆಸರಲ್ಲಿ ಒಂದು ವರ್ಕ್‌ಸ್ಪೇಸ್, ಅದಕ್ಕೆ ಕಮ್ಮಿ ಅಂದ್ರೂ ಇಬ್ಬರು ಅಡ್ಮಿನ್, ಗೇಟ್‌ವೇಗೂ ಇಬ್ಬರು ಅಡ್ಮಿನ್. ಗೇಟ್‌ವೇ ಹಾಕುವಾಗ ಕೊಟ್ಟ ರಿಕವರಿ ಕೀ ಒಂದು ಪೇಪರ್‌ನಲ್ಲಿ ಬರೆದು ಓನರ್ ಹತ್ರ ಬೀರುವಿನಲ್ಲಿ ಇಡಿಸಿ, ಆ ಮೆಷಿನ್ ಸುಟ್ಟುಹೋದ್ರೆ ಹೊಸ ಮೆಷಿನ್‌ಗೆ ಅದೇ ಗೇಟ್‌ವೇ ತರೋಕೆ ಆ ಕೀ ಬೇಕೇ ಬೇಕು, ಇಲ್ಲಾಂದ್ರೆ ಹೊಸ ಗೇಟ್‌ವೇ ಮಾಡಿ ಎಲ್ಲಾ ಕನೆಕ್ಷನ್ ಮೊದಲಿಂದ ಹಾಕಬೇಕು. ಪಿಬಿಐಎಕ್ಸ್ ಫೈಲ್‌ನ (ಪವರ್ ಬಿಐ ಡೆಸ್ಕ್‌ಟಾಪ್‌ನಲ್ಲಿ ಸೇವ್ ಮಾಡೋ ರಿಪೋರ್ಟ್ ಫೈಲ್) ಕಾಪಿ ತಾರೀಖು ಹಾಕಿ ಶೇರ್‌ಪಾಯಿಂಟ್‌ನಲ್ಲಿ ಇಡಿ, ಪ್ರತಿ ಸಲ ಪಬ್ಲಿಶ್ ಮಾಡೋಕೆ ಮುಂಚೆ. ಅದರ ಪಕ್ಕದಲ್ಲೇ ಒಂದು ವರ್ಡ್ ಫೈಲ್ ಇರಲಿ: ಯಾವ ಟೇಬಲ್ ಎಲ್ಲಿಂದ ಬರುತ್ತೆ, ಗೇಟ್‌ವೇ ಮೆಷಿನ್ ಯಾವ ರೂಮ್‌ನಲ್ಲಿದೆ, ಯಾವ ಲಾಗಿನ್ ಬಳಸಿದೀವಿ, ಯಾವ ಎರರ್ ಬಂದಾಗ ಏನು ಮಾಡಿದ್ವಿ. ಎರರ್ ಸರಿ ಆದ ದಿನಾನೇ ಬರೆದಿಡಿ, ಮಾರನೇ ದಿನಕ್ಕೆ ಯಾವ ಕಾಲಂ ಅಂತಾನೂ ನೆನಪಿರಲ್ಲ.